ಪರದೆಯಕ್ಕನ ವ್ಯಾನು

ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ, ಶೆಡ್ಡಿನ ಬಾಗಿಲಿಗೆ ಮುಖ ಮಾಡಿ ನಿಂತಿದ್ದ ಬಿಳಿ ವ್ಯಾನು ತನ್ನಷ್ಟಕ್ಕೆ ತಾನೇ ಕಣ್ಣು ಬಿಟ್ಟಾಗ ಅವನು ಬೋರಲು ಹಾಕಿದ ಡಬ್ಬದ ಮೇಲೆ ಕೂತು ಟೀ ಕುಡಿಯುತ್ತಿದ್ದ. ಮೊದಲು ಎರಡೂ ಹೆಡ್‌ಲೈಟು ಹೊತ್ತಿಕೊಂಡವು. ಆಮೇಲೆ ವೈಪರು ಒಣ ಗಾಜಿನ ಮೇಲೆ ಕರ್ರೆಂದು ಒಂದು ಸಲ ಹೋಗಿ ಬಂತು. ಬಾಗಿಲುಗಳ ಲಾಕು ಟಕ್ಕೆಂದು ಬಿದ್ದು, ಏನೋ ನೆನಪಾದಂತೆ ಮತ್ತೆ ಟಕ್ಕೆಂದು ತೆರೆದುಕೊಂಡಿತು. ಒಳಗೆ ಯಾರೂ ಇರಲಿಲ್ಲ. ರಾತ್ರಿ ಚಾರ್ಜು ಮಾಡಿದ ಬ್ಯಾಟರಿಯನ್ನು ಅವನು ಆಗಷ್ಟೇ ಕೂರಿಸಿದ್ದ, ಕೀ ಅವನ ಅಂಗಿಯ ಜೇಬಿನಲ್ಲಿತ್ತು. ಇದೆಯೆಂದು ಗೊತ್ತಿದ್ದೂ ಅವನು ಜೇಬನ್ನು ಮುಟ್ಟಿ ನೋಡಿಕೊಂಡ. ಆಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ, ಇದನ್ನು ಬೇರೆ ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ್ದು. ಯಾರೂ ನೋಡಿರಲಿಲ್ಲ. ಹೆಂಡತಿಯ ತಮ್ಮ ಆಚೆ ಒಂದು ಪಿಕಪ್ಪಿನ ಕೆಳಗೆ ಮಲಗಿದ್ದ. ಅವನ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತ, ಯಾವುದೋ ಹಾಡಿಗೆ ತಾಳ ಹಾಕುತ್ತಿದ್ದವು. ನಾಲ್ಕೈದು ನಿಮಿಷದ ಮೇಲೆ ಲೈಟುಗಳು ತಾವೇ ಆರಿದವು. ವ್ಯಾನು ಏನೂ ಆಗೇ ಇಲ್ಲವೆಂಬಂತೆ ನಿಂತಿತು. ಟೀ ಆರಿಹೋಗಿತ್ತು, ಆದರೂ ಅವನು ಅದನ್ನು ಕುಡಿದು ಮುಗಿಸಿದ. ಎದ್ದರೆ ಏನಾದರೂ ಮಾಡಬೇಕಾಗುತ್ತದೆ ಎಂದು ಕೂತೇ ಇದ್ದ.

ಈ ಶೆಡ್ಡಿಗೆ ಬರುವ ಗಾಡಿಗಳಲ್ಲಿ ವೈರಿಗೆ ಸೇರಿದ್ದೆಲ್ಲ ಅವನದು, ಎಣ್ಣೆಗೆ ಸೇರಿದ್ದೆಲ್ಲ ಭಾವಮೈದುನನದು. ಇಪ್ಪತ್ತಾರು ವರ್ಷದಿಂದ ಹೀಗೇ ನಡೆದುಬಂದಿತ್ತು. ಜನ ಅವನನ್ನು ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ; ಒಂದು ಫ್ಯೂಸು ಬದಲಾಯಿಸಿ ಕೊಡುವಾಗಲೂ ಕರೆಂಟು ಅಂದರೆ ಏನು ಎಂಬಲ್ಲಿಂದ ಶುರು ಮಾಡುತ್ತಿದ್ದುದರಿಂದ ಅಂಟಿಕೊಂಡ ಹೆಸರು. ಮೊದಮೊದಲು ಅದರಲ್ಲಿ ಗೇಲಿ ಇತ್ತೇನೋ. ಅವನಿಗೆ ಗೊತ್ತಾಗಲಿಲ್ಲ, ಗೊತ್ತಾಗುವಷ್ಟರಲ್ಲಿ ಗೇಲಿ ಸವೆದು ಮರ್ಯಾದೆಯಷ್ಟೇ ಉಳಿದಿತ್ತು. ಅವನು ಹೇಳಿದರೆ ಮುಗಿಯಿತು ಎನ್ನುವವರು ಈ ರಸ್ತೆಯಲ್ಲಿ ಬಹಳ ಜನ ಇದ್ದರು. ಪರದೆಯಕ್ಕನೂ ಅವರಲ್ಲಿ ಒಬ್ಬಳು. ಅವಳು ಮನೆಯಲ್ಲಿ ಪರದೆ ಹೊಲಿದು, ಕಂಬಿ, ಏಣಿ, ಡ್ರಿಲ್ಲು ಎಲ್ಲ ಈ ವ್ಯಾನಿನಲ್ಲಿ ಹೇರಿಕೊಂಡು ಮನೆ, ಆಫೀಸು, ಆಸ್ಪತ್ರೆಗಳಿಗೆ ತಾನೇ ಹೋಗಿ ತೂಗುಹಾಕಿ ಬರುವವಳು. ಎರಡು ತಿಂಗಳಲ್ಲಿ ಮೂರು ಸಲ ಅವಳ ಬ್ಯಾಟರಿ ಸತ್ತಿತ್ತು. ಮೊದಲ ಸಲ, ಲೈಟು ಆರಿಸುವುದನ್ನು ಮರೆತಿದ್ದೀರಿ ಅಕ್ಕಾ ಎಂದು ಅವನು ಮೆಲ್ಲಗೇ ಹೇಳಿದ್ದ. ಇಲ್ಲ, ಆರಿಸಿದ ನೆನಪಿದೆ ಎಂದಿದ್ದಳು. ಎರಡನೇ ಸಲ ಶೆಡ್ಡಿನಲ್ಲಿ ಆರು ಜನ ಇದ್ದರು. ಆರು ಜನ ಇದ್ದರೆ ಅವನ ಮಾತಿಗೆ ತಾನಾಗಿ ಒಂದು ರಾಗ ಬರುತ್ತಿತ್ತು. ಕೈ ಮಾಡಿದ ಕೆಲಸ ಮನಸ್ಸಿನಲ್ಲಿ ಉಳಿಯುವುದಿಲ್ಲ, ಆರಿಸಬೇಕು ಅಂದುಕೊಂಡದ್ದೇ ಆರಿಸಿದ ಹಾಗೆ ನೆನಪಾಗುತ್ತದೆ, ಸ್ಟೀರಿಂಗಿನ ಮೇಲೆ ಒಂದು ಚೀಟಿ ಅಂಟಿಸಿಕೊಳ್ಳಿ ಎಂದು ಕಾಲು ಗಂಟೆ ವಿವರಿಸಿದ್ದ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಗಾಡಿ ತೊಳೆದ ಮಾರನೇ ದಿನವೇ ಹೀಗಾಗುತ್ತದೆ ಎಂದು ಒಂದೇ ಒಂದು ಮಾತು ಹೇಳಿದ್ದಳು. ನೀರಿಗೂ ಬ್ಯಾಟರಿಗೂ ಏನಕ್ಕಾ ನೆಂಟಸ್ತನ ಎಂದು ಅವನು ಕೇಳಿದ್ದಕ್ಕೆ ಆರೂ ಜನ ನಕ್ಕಿದ್ದರು. ಅವಳೂ ನಕ್ಕಿದ್ದಳು, ಎಲ್ಲರಿಗಿಂತ ಸ್ವಲ್ಪ ತಡವಾಗಿ. ಆ ಜೋಕನ್ನು ಅವನು ಸಂಜೆ ಮನೆಗೆ ಹೋಗಿ ಹೆಂಡತಿಗೂ ಹೇಳಿದ್ದ.

ನಿನ್ನೆ ಮೂರನೇ ಸಲ. ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದಿದ್ದಳು. ವ್ಯಾನನ್ನು ಒಬ್ಬ ಬಣ್ಣ ಬಳಿಯುವವನಿಗೆ ಕೊಡಲು ಮಾತಾಗಿದೆಯೆಂದೂ, ಕೊಡುವ ಗಾಡಿ ಚೊಕ್ಕವಾಗಿರಲಿ ಎಂದು ಮೊನ್ನೆ ತೊಳೆದಿದ್ದಾಗಿಯೂ, ನಾಳೆ ನಾಲ್ಕು ಗಂಟೆಗೆ ಅವನು ಇಲ್ಲಿಗೇ ಬಂದು ತೆಗೆದುಕೊಂಡು ಹೋಗುತ್ತಾನೆಂದೂ ಹೇಳಿದಳು. ಯಾಕೆ ಮಾರುತ್ತಿದ್ದೀರಿ ಎಂದು ಇವನು ಕೇಳಿದ.

"ಲೈಟು ಮರೆತರೆ ಬ್ಯಾಟರಿ ಹೋಗುತ್ತೆ, ಅಷ್ಟೇ. ಬ್ರೇಕು ಮರೆತರೆ ಮೇಷ್ಟ್ರೇ?" ಎಂದಳು. "ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು."

ಇದನ್ನು ಅವಳು ನಗುನಗುತ್ತಲೇ ಹೇಳಿದ್ದಳು. ಅದಕ್ಕೆ ತಾನೇನು ಅಂದೆ ಎಂದು ಈಗ ಡಬ್ಬದ ಮೇಲೆ ಕೂತು ನೆನಪು ಮಾಡಿಕೊಳ್ಳಬಾರದೆಂದಿದ್ದರೂ ಅದು ಬಂದೇಬಂತು. "ವಯಸ್ಸಾಯ್ತಲ್ಲಕ್ಕಾ," ಎಂದಿದ್ದ. ಅವಳು ಅವನಿಗಿಂತ ಆರು ವರ್ಷ ಚಿಕ್ಕವಳು.

ಎದ್ದು ಬಾನೆಟ್ಟು ತೆಗೆದ. ಬ್ಯಾಟರಿಯ ಒಂದು ವೈರು ಬಿಚ್ಚಿ, ಕರೆಂಟು ಅಳೆಯುವ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಟರ್ಮಿನಲ್ಲಿಗೂ ಇನ್ನೊಂದನ್ನು ವೈರಿಗೂ ಕಚ್ಚಿಸಿ ಕಾದ. ನಿಂತ ಗಾಡಿ ಉಸಿರಾಡಲಿಕ್ಕೆ ಬೇಕಾದಷ್ಟೇ ಕರೆಂಟು ತಿನ್ನಬೇಕು. ಮೊದಲು ಹಾಗೇ ಇತ್ತು. ಇದೂ ತನ್ನ ಭ್ರಮೆಯೇ ಇರಬಹುದೇ, ಲೈಟು ಹತ್ತಿದ್ದನ್ನು ತಾನು ನಿಜವಾಗಿ ನೋಡಿದೆನೇ ಎಂದು ಅನುಮಾನ ಬಂತು. ಆ ಅನುಮಾನ ಎಷ್ಟು ಸಲೀಸಾಗಿ ಬಂದು ಕೂರುತ್ತದೆ ಎಂದು ಅವನಿಗೆ ಆಶ್ಚರ್ಯವಾಯಿತು. ತನಗೆ ಹತ್ತು ನಿಮಿಷಕ್ಕೇ ಹೀಗಾದರೆ ಎರಡು ತಿಂಗಳು ಅದರ ಜೊತೆ ಬಾಳಿದವಳಿಗೆ? ಅಷ್ಟರಲ್ಲಿ ಮೀಟರಿನ ಅಂಕಿ ಒಮ್ಮೆಗೇ ಮೇಲಕ್ಕೆ ನೆಗೆಯಿತು, ಲೈಟುಗಳು ಹೊತ್ತಿಕೊಂಡವು. ಇದ್ದಕ್ಕಿದ್ದಂತೆ ಅವನಿಗೆ ಬಹಳ ಖುಷಿಯಾಯಿತು. ಕಳ್ಳ ಎದುರಿಗೇ ಸಿಕ್ಕಿದ ಖುಷಿ; ಕಳ್ಳ ಸಿಕ್ಕಿದರೆ ತನ್ನ ಮಾನವೂ ಹೋಗುತ್ತದೆಂಬುದು ಆ ಗಳಿಗೆಯಲ್ಲಿ ಮರೆತೇಹೋಗಿತ್ತು. ಫ್ಯೂಸುಗಳನ್ನು ಒಂದೊಂದೇ ಕೀಳುತ್ತ ಹೋದ. ಹನ್ನೊಂದನೆಯದನ್ನು ಕಿತ್ತಾಗ ಅಂಕಿ ಧೊಪ್ಪನೆ ಬಿತ್ತು. ಅದು ಬಾಡಿ ಕಂಟ್ರೋಲ್ ಮಾಡ್ಯೂಲಿನ ಫ್ಯೂಸು. ಆ ಮಾಡ್ಯೂಲನ್ನು ಅವನು ಪೆಟ್ಟಿಗೆ ಎನ್ನುತ್ತಿದ್ದ, ಅವನಿಗೆ ಅದರ ಮೇಲೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅವನು ಕೆಲಸ ಕಲಿತ ಕಾಲದಲ್ಲಿ ಒಂದು ಲೈಟು, ಒಂದು ವೈರು, ಒಂದು ಸ್ವಿಚ್ಚು, ಒತ್ತಿದರೆ ಹತ್ತುತ್ತಿತ್ತು. ಈಗ ಸ್ವಿಚ್ಚು ಒತ್ತಿದರೆ ಅದು ಪೆಟ್ಟಿಗೆಗೆ ಅರ್ಜಿ ಹಾಕುತ್ತದೆ, ಪೆಟ್ಟಿಗೆ ಮನಸ್ಸು ಮಾಡಿದರೆ ಲೈಟು ಹತ್ತುತ್ತದೆ. ಲೈಟು, ವೈಪರು, ಲಾಕು, ಹಾರನ್ನು, ಕಿಟಕಿಯ ಗಾಜು, ಎಲ್ಲವೂ ಆ ಒಂದು ಪೆಟ್ಟಿಗೆಯ ಮರ್ಜಿ.

ಬ್ಯಾಟರಿಯನ್ನು ಪೂರ್ತಿ ಬಿಚ್ಚಿಟ್ಟು, ಕಾಲುಗಳನ್ನು ಬಾಗಿಲಿನಿಂದ ಹೊರಗೆ ಚಾಚಿ, ತಲೆಯನ್ನು ಬ್ರೇಕು ಪೆಡಲಿನ ಪಕ್ಕಕ್ಕೆ ತೂರಿಸಿ ಮಲಗಿದ. ಐವತ್ನಾಲ್ಕನೇ ವಯಸ್ಸಿನ ಸೊಂಟ ಈ ಭಂಗಿಗೆ ತನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳಿತು. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ, ಊಟದ ಡಬ್ಬಿಯಷ್ಟಗಲದ ಕಪ್ಪು ಪೆಟ್ಟಿಗೆಯನ್ನು ತಡವಿದ. ಮೇಲಿನ ಪ್ಲಗ್ಗಿನ ಕ್ಲಿಪ್ಪು ಒತ್ತಿ ಎಳೆದಾಗ ಒಂದು ಹನಿ ನೀರು ಅವನ ಹಣೆಯ ಮೇಲೆ ಬಿತ್ತು. ತಣ್ಣಗಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅದು ಹುಬ್ಬಿನ ಗುಂಟ ನಿಧಾನವಾಗಿ ಇಳಿದು ಕಿವಿಯೊಳಗೆ ಹೋಗುವವರೆಗೂ ಅವನು ಸುಮ್ಮನೆ ಮಲಗಿದ್ದ. ಪ್ಲಗ್ಗಿನ ಪಿನ್ನುಗಳೆಲ್ಲ ಹಸಿರು ಕಿಲುಬು ಹಿಡಿದಿದ್ದವು. ಎದ್ದು ನೋಡಿದರೆ, ಮುಂದಿನ ಗಾಜಿನ ಬುಡದಲ್ಲಿ ನೀರು ಹೊರಗೆ ಹರಿದುಹೋಗುವ ತೂತನ್ನು ತರಗೆಲೆ ಮತ್ತು ದಾರದ ಎಳೆಗಳು ಮುಚ್ಚಿಬಿಟ್ಟಿದ್ದವು. ತೊಳೆದಾಗಲೆಲ್ಲ ನೀರು ಒಳಗಿಳಿದು ಪೆಟ್ಟಿಗೆಯ ತಲೆಯ ಮೇಲೆ ತೊಟ್ಟಿಕ್ಕಿತ್ತು. ತೊಳೆದ ಮಾರನೇ ದಿನವೇ ಹೀಗಾಗುತ್ತೆ ಮೇಷ್ಟ್ರೇ. ಅವಳು ರೋಗವನ್ನು ಗುರುತು ಹಿಡಿದು ಅವನ ಕೈಗೇ ಕೊಟ್ಟಿದ್ದಳು. ಅವನು ಅದರಿಂದ ಜೋಕು ಮಾಡಿಕೊಂಡಿದ್ದ.

ಹೊಸ ಪೆಟ್ಟಿಗೆಗೆ ವ್ಯಾನಿನ ಚಾಸಿ ನಂಬರು ಬೇಕಿತ್ತು. ಕಾಗದಗಳನ್ನು ಹುಡುಕಲು ಮುಂದಿನ ಖಾನೆ ತೆಗೆದಾಗ ಒಂದು ಪುಟ್ಟ ನೋಟ್‌ಬುಕ್ಕು ಸಿಕ್ಕಿತು. ಓದಬಾರದೆಂದುಕೊಳ್ಳುವ ಮೊದಲೇ ಓದಿಯಾಗಿತ್ತು. ಹೊಲಿಗೆಯವರ ಅಕ್ಷರ, ಸಮನಾಗಿ, ಒತ್ತೊತ್ತಾಗಿ. "ಒಂಬತ್ತು ಹತ್ತು. ಕಣ್ಣಾಸ್ಪತ್ರೆ. ಲೈಟು ಆರಿಸಿದೆ. ಇಳಿದು ಮುಂದೆ ಹೋಗಿ ನೋಡಿದೆ." "ಹನ್ನೆರಡೂವರೆ. ಲೈಟು ಆರಿಸಿದೆ. ಎರಡು ಸಲ ನೋಡಿದೆ." ಹೀಗೆ ಪುಟದ ಮೇಲೆ ಪುಟ. ನಡುವೆ ಒಂದು ಕಡೆ, "ಆರಿಸಿದೆ ಅನಿಸುತ್ತೆ." ಕೊನೆಯ ಪುಟದಲ್ಲಿ ಗಂಟೆಯೂ ಇರಲಿಲ್ಲ, ಜಾಗವೂ ಇರಲಿಲ್ಲ. "ಗೊತ್ತಿಲ್ಲ" ಎಂದು ಮಾತ್ರ ಇತ್ತು.

ಅವನು ಅದನ್ನು ಇದ್ದ ಜಾಗದಲ್ಲೇ ಇಟ್ಟು ಖಾನೆ ಮುಚ್ಚಿದ. ಅದು ಸರಿಯಾಗಿ ಮುಚ್ಚಿಕೊಳ್ಳದೆ ಮೂರು ಸಲ ತಳ್ಳಬೇಕಾಯಿತು. ನಾಲ್ಕನೇ ಕ್ಲಾಸಿನಲ್ಲಿದ್ದಾಗಿನ ಒಂದು ಸಂಗತಿ ನೆನಪಾಯಿತು. ಗೋಳ ಒಡೆದದ್ದು ಅವನಲ್ಲ. ಪ್ರಪಂಚದ ಗೋಳ, ಶಾಲೆಯ ಮೇಷ್ಟ್ರ ಮೇಜಿನ ಮೇಲಿದ್ದದ್ದು, ಕೆಳಗೆ ಬಿದ್ದು ಸಮುದ್ರದ ಕಡೆ ಬಿರುಕು ಬಿಟ್ಟಿತ್ತು. ಇಡೀ ಮಧ್ಯಾಹ್ನ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಮೂರು ದಿನದ ಮೇಲೆ, ಗಾಳಿಗೆ ಕಿಟಕಿಯ ಬಾಗಿಲು ಬಡಿದು ಗೋಳ ಮತ್ತೆ ಉರುಳಿದ್ದನ್ನು ಮೇಷ್ಟ್ರೇ ನೋಡಿದರು. ಅವನ ಮುಖವನ್ನೂ ಒಂದು ಸಲ ನೋಡಿದರು. ಏನೂ ಹೇಳಲಿಲ್ಲ. ಮಾರನೇ ದಿನದಿಂದ ಶಾಲೆಯ ಗಂಟೆ ಹೊಡೆಯುವ ಕೆಲಸ ಅವನಿಗೆ ಕೊಟ್ಟರು. ವರ್ಷವಿಡೀ ಅವನು ಗಂಟೆ ಹೊಡೆದ, ಹೆಮ್ಮೆಯಿಂದ ಎದೆ ಉಬ್ಬಿಸಿ. ಮದುವೆಯಾಗಿ, ಮಗಳು ಹುಟ್ಟಿ, ಒಂದು ದಿನ ಯಾವುದೋ ಗಾಡಿಯ ಹಾರನ್ನು ಬಿಚ್ಚುತ್ತಿದ್ದಾಗ ಇದ್ದಕ್ಕಿದ್ದಂತೆ ಹೊಳೆದಿತ್ತು, ಆ ಗಂಟೆ ಮೇಷ್ಟ್ರು ಹೇಳಲಾರದೆ ನುಂಗಿಕೊಂಡ ತಪ್ಪಾಯಿತು ಎಂಬ ಮಾತು ಎಂದು. ಈಗ ಪರದೆಯಕ್ಕನ ವ್ಯಾನಿಗೆ ಹೊಸ ವೈಪರು ಹಾಕೋಣ, ಒಳಗೆಲ್ಲ ಒರೆಸಿ ಹೊಳಪು ಬರಿಸೋಣ, ಬಣ್ಣದವನು ನೋಡಿ ಬೆರಗಾಗಲಿ ಎಂದು ತಾನು ಆಗಲೇ ಲೆಕ್ಕ ಹಾಕುತ್ತಿರುವುದು ಅವನ ಗಮನಕ್ಕೆ ಬಂತು. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಕೆಳಗಿಟ್ಟ.

ಭಾವಮೈದುನ ಪಿಕಪ್ಪಿನ ಕೆಳಗಿನಿಂದ ಹೊರಗೆ ಬಂದು ಸಂಗತಿ ಕೇಳಿದವನೇ ನೆಲಕ್ಕೆ ಕೂತು ನಕ್ಕುಬಿಟ್ಟ. ಅವನ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವನು ತನ್ನ ಕಾಲಿಗೆ ಸ್ಪ್ಯಾನರು ಬಿದ್ದರೂ ಹೀಗೇ ನಗುತ್ತಿದ್ದ. ಆಮೇಲೆ ಕಣ್ಣೊರೆಸಿಕೊಂಡು, ಯಾವುದೋ ವೈರು ಲೂಸಾಗಿತ್ತು ಅಂತ ಹೇಳಿಬಿಡಿ ಭಾವ, ಅವರಿಗೇನು ಗೊತ್ತಾಗುತ್ತದೆ ಎಂದ. ಅದೇ ಮಾತು ಒಳಗೊಳಗೇ ತಾನೂ ಆಡಿಕೊಂಡಿದ್ದರಿಂದ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಎಷ್ಟು ಸಣ್ಣದೆಂದು ಕಾಣಿಸಿತು. ಅವನನ್ನು ಬೈಕಿನಲ್ಲಿ ಊರಿನ ಆ ತುದಿಯ ಬಿಡಿಭಾಗದ ಅಂಗಡಿಗೆ ಓಡಿಸಿದ. ಅವನು ಹೋಗಿ ಬರುವುದರೊಳಗೆ ನೀರಿನ ತೂತು ಬಿಡಿಸಿ, ಬುಡದ ರಬ್ಬರು ಬದಲಿಸಿ, ಪ್ಲಗ್ಗಿನ ಪಿನ್ನುಗಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದಾಗಿ ಉಜ್ಜಿ ಹೊಳೆಯಿಸಿದ. ಹೊಸ ಪೆಟ್ಟಿಗೆ ಬಂತು. ಬೋಲ್ಟು ಬಿಗಿದು, ಐದೂ ಪ್ಲಗ್ಗು ಕೂರಿಸಿ, ಪ್ರತಿಯೊಂದೂ ಟಿಕ್ ಅನ್ನುವುದನ್ನು ಕಿವಿಗೊಟ್ಟು ಕೇಳಿಸಿಕೊಂಡ.

ಆದರೆ ಹೊಸ ಪೆಟ್ಟಿಗೆಗೆ ಏನೂ ಗೊತ್ತಿರುವುದಿಲ್ಲ. ತಾನು ಯಾವ ಗಾಡಿಯಲ್ಲಿದ್ದೇನೆ, ತನ್ನ ಕೀ ಯಾವುದು ಎಂದು ಲ್ಯಾಪ್‌ಟಾಪಿನಿಂದ ಅದಕ್ಕೆ ಕಲಿಸಬೇಕು. ಇರುವ ಕೀಗಳನ್ನೆಲ್ಲ ಒಂದೇ ಸಲಕ್ಕೆ ತೋರಿಸಬೇಕು. ತೋರಿಸದ ಕೀಯನ್ನು ಅದು ಪರಕೀಯ ಎಂದು ಹೊರಗಿಡುತ್ತದೆ. ಎರಡನೇ ಕೀ ಪರದೆಯಕ್ಕನ ಹತ್ತಿರ ಇತ್ತು. ಫೋನು ಮಾಡಿ, ನಾಲ್ಕು ಗಂಟೆಗೆ ಬದಲು ಮೂರೂವರೆಗೇ ಬರಬಹುದೇ, ಬರುವಾಗ ಇನ್ನೊಂದು ಕೀ ತರಬಹುದೇ ಎಂದು ಕೇಳಿದ. ಅತ್ತ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಏನಾದ್ರೂ ಮರೆತಿದ್ದೀನಾ ಮೇಷ್ಟ್ರೇ?"

ಆಗಲೇ ಹೇಳಿಬಿಡಬಹುದಿತ್ತು. ಹೇಳಲೆಂದೇ ಬಾಯಿ ತೆರೆದದ್ದು. ಆದರೆ ಹೊರಗೆ ಬಂದದ್ದು, ಇಲ್ಲ ಅಕ್ಕಾ, ಕೀ ಬೇಕಿತ್ತು ಅಷ್ಟೇ, ಎಂಬ ಮಾತು. ಫೋನಿಟ್ಟ ಮೇಲೆ ಕನ್ನಡಿಯಲ್ಲಿ ನೋಡಿಕೊಂಡ. ಹಣೆಯಿಂದ ಕಿವಿಯವರೆಗೆ, ಆ ನೀರು ಹರಿದ ದಾರಿಯಲ್ಲಿ, ಮಸಿಯ ನಡುವೆ ಒಂದು ಬಿಳಿ ಗೆರೆ ಬಿದ್ದಿತ್ತು. ಅಷ್ಟು ಹೊತ್ತೂ ಭಾವಮೈದುನ ಅದನ್ನು ನೋಡಿಯೂ ಹೇಳಿರಲಿಲ್ಲ. ಅವನಿಗೆ ನಗು ಬಂತು.

ಮೂರೂವರೆಗೆ ಅವಳು ಬಂದಳು, ಜೊತೆಗೆ ಬಣ್ಣದವನೂ. ಬಸ್ಸಿನಲ್ಲಿ ಒಟ್ಟಿಗೇ ಬಂದರಂತೆ. ಬಣ್ಣದವನು ಎತ್ತರದ, ಸಂಕೋಚದ ಮನುಷ್ಯ. ಪ್ಯಾಂಟಿನ ಮೇಲೆ ಐದಾರು ಮನೆಗಳ ಬಣ್ಣ ಇತ್ತು. ವ್ಯಾನನ್ನು ಒಂದು ಸುತ್ತು ಹಾಕಿ, ಪಕ್ಕದ ತಗಡಿನ ಮೇಲೆ ತನ್ನ ಹೆಸರು ಎಲ್ಲಿ ಬರೆಯಬಹುದೆಂದು ಗೇಣು ಹಾಕಿ ಅಳೆಯುತ್ತಿದ್ದ. ಅವಳು ಅತ್ತ ನೋಡಲಿಲ್ಲ. ಕೀ ಕೊಟ್ಟಳು. ಲ್ಯಾಪ್‌ಟಾಪು ಮೊದಲ ಕೀ ಕೇಳಿತು, ಆಮೇಲೆ ಎರಡನೆಯದು. ಎರಡನ್ನೂ ಗುರುತು ಹಿಡಿದು, ವ್ಯಾನು ಲಾಕು ಹಾಕಿ ತೆಗೆದು ಸಲಾಮು ಹೊಡೆಯಿತು. ಇನ್ನು ಮಾಡಲು ಕೆಲಸ ಏನೂ ಉಳಿದಿರಲಿಲ್ಲ.

ಅವನು ಗಂಟಲು ಸರಿ ಮಾಡಿಕೊಂಡು, ನೋಡಿ ಅಕ್ಕಾ, ಗಾಡಿಯಲ್ಲಿ ಕರೆಂಟು ಹರಿಯುವ ರೀತಿ ಏನು ಅಂದರೆ, ಎಂದು ಶುರು ಮಾಡಿದ. ಮೊದಲೆಲ್ಲ ಸ್ವಿಚ್ಚಿನಿಂದ ನೇರವಾಗಿ ಲೈಟಿಗೆ ವೈರು ಹೋಗುತ್ತಿತ್ತು ಎಂದ. ಅವಳು ವಿಧೇಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದಳು. ಪಿಕಪ್ಪಿನ ಕೆಳಗಿನಿಂದ ಒಂದೇ ಒಂದು ಮಾತು ಬಂತು. "ಭಾವ."

ಅವನು ನಿಲ್ಲಿಸಿದ.

"ನೀವು ಒಂದು ಸಲಾನೂ ಲೈಟು ಮರೆತಿಲ್ಲ," ಎಂದ. "ಗಾಡಿ ತಾನೇ ಹಾಕ್ಕೊಳ್ತಿತ್ತು. ಬೆಳಿಗ್ಗೆ ನಾನೇ ಕಣ್ಣಾರೆ ನೋಡಿದೆ. ತೊಳೆದ ನೀರು ಒಳಗಿಳೀತಿತ್ತು. ನೀವು ಅವತ್ತೇ ಹೇಳಿದ್ರಿ. ನಾನು ನಕ್ಕೆ. ತಪ್ಪು ನಂದು ಅಕ್ಕಾ."

ಅವಳು ವ್ಯಾನಿನ ಮೆಟ್ಟಿಲ ಮೇಲೆ ಕೂತಳು. ಬಣ್ಣದವನ ಗೇಣು ತಗಡಿನ ಮೇಲೆ ಹಾಗೇ ನಿಂತಿತು. ಇವನು ಹೋಗಿ ಹಳೆಯ ಪೆಟ್ಟಿಗೆಯನ್ನು ತಂದು ಅವಳ ಕೈಗೆ ಕೊಟ್ಟು ಹಸಿರು ಹಿಡಿದ ಪಿನ್ನುಗಳನ್ನು ತೋರಿಸಿದ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೂರೂ ಸಲವೂ ಹೀಗೇನಾ ಎಂದು ಕೇಳಿದಳು. ಮೂರೂ ಸಲವೂ ಎಂದ. ಬಯ್ಯುತ್ತಾಳೆ ಎಂದುಕೊಂಡ, ಬಯ್ದರೆ ಒಳ್ಳೆಯದು ಎಂದುಕೊಂಡ.

"ತಲೆ ಸ್ಕ್ಯಾನು ಮಾಡಿಸ್ಕೊಂಡು ಬಂದೆ ಮೇಷ್ಟ್ರೇ," ಎಂದಳು. "ಆ ಕೊಳವೆ ಒಳಗೆ ಮಲಗಿಕೊಂಡು, ಹೊರಗೆ ಗಾಡಿ ಲೈಟು ಆರಿಸಿದ್ನಾ ಅಂತ ಯೋಚಿಸ್ತಿದ್ದೆ. ಡಾಕ್ಟ್ರು ಏನೂ ಇಲ್ಲ ಅಂದ್ರು. ನಾನು ಅವರನ್ನ ನಂಬಲಿಲ್ಲ. ನಿಮ್ಮನ್ನ ನಂಬಿದೆ."

ಆಗ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಅವನು ಗಾಬರಿಯಾಗುವಷ್ಟರಲ್ಲಿ ನಗು ಕೇಳಿಸಿತು, ಮೊದಲು ಸಣ್ಣಗೆ, ಆಮೇಲೆ ಶೆಡ್ಡಿನ ತಗಡಿಗೆ ಬಡಿದು ವಾಪಸು ಬರುವಷ್ಟು ಜೋರಾಗಿ. ಪಿಕಪ್ಪಿನ ಕೆಳಗಿನಿಂದಲೂ ನಗು ಸೇರಿಕೊಂಡಿತು. ಬಣ್ಣದವನು ಯಾಕೆಂದು ಪೂರ್ತಿ ಅರ್ಥವಾಗದಿದ್ದರೂ ಮರ್ಯಾದೆಗೆ ನಕ್ಕ. ಆಮೇಲೆ ಅರ್ಥವಾಯಿತು, ಗೇಣನ್ನು ಮಡಚಿ ಕೈಯನ್ನು ಜೇಬಿಗೆ ಹಾಕಿಕೊಂಡು, ಹಾಗಾದರೆ ನೀವು ಗಾಡಿ ಕೊಡಲ್ಲ ಅಲ್ವಾ ಅಕ್ಕಾ ಎಂದ. ಅವಳು ಕಣ್ಣೊರೆಸಿಕೊಳ್ಳುತ್ತ, ಕೊಡಲ್ಲ ಕಣಪ್ಪಾ, ನಿನ್ನನ್ನ ಮನೆಯವರೆಗೆ ಬಿಟ್ಟು ಬರ್ತೀನಿ, ಬೇಜಾರು ಮಾಡ್ಕೋಬೇಡ ಎಂದಳು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಇಷ್ಟು ನಗುವವರ ಗಾಡಿ ಕಸಿದುಕೊಳ್ಳುವುದು ತನ್ನ ಕೈಲಾಗುತ್ತಿರಲಿಲ್ಲ ಎಂದ.

ಅವಳು ಎದ್ದು ನಿಂತಳು. ಮುಖ ಗಂಭೀರವಾಗಿತ್ತು, ಬಾಯಿಯ ಒಂದು ಮೂಲೆ ಬಿಟ್ಟು. ಅವತ್ತು ಆರು ಜನರ ಮುಂದೆ ಹೇಳಿದಿರಲ್ಲ, ಇವತ್ತೂ ಹೇಳಿ ಎಂದು ತನ್ನ ಸ್ವಂತ ಅಕ್ಕನಿಗೆ ಫೋನು ಹಚ್ಚಿ ಅವನ ಕೈಗೆ ಕೊಟ್ಟಳು. ಗಾಡಿ ಮಾರು ಎಂದು ಮೊದಲು ಹೇಳಿದವಳು ಆ ಅಕ್ಕನೇ. ಅವನು ಹೇಳಿದ. ಮೊದಲ ಸಲ ತೊದಲಿದ. ಅಕ್ಕ ಅರ್ಧಕ್ಕೇ ತಡೆದು ಅವನಿಗೆ ಚೆನ್ನಾಗಿ ಬಯ್ದಳು, ಅದರಿಂದ ಅವನಿಗೆ ಎಷ್ಟೋ ಹಗುರವಾಯಿತು. ಎರಡನೆಯದು ಪರದೆಯಕ್ಕನ ಮಗಳಿಗೆ. ಆ ಹುಡುಗಿ, ಅಮ್ಮನಿಗೆ ಮರೆವು ಇಲ್ಲ ಅಂತ ನಾನು ಹೇಳಿರಲಿಲ್ವಾ ಎಂದು ಯಾರಿಗೋ ಕೂಗಿ ಹೇಳಿದ್ದು ಕೇಳಿಸಿತು. ಮೂರನೆಯದು ಕಣ್ಣಾಸ್ಪತ್ರೆಯ ಮ್ಯಾನೇಜರಿಗೆ, ಅವಳು ಬಿಟ್ಟುಕೊಟ್ಟಿದ್ದ ಹನ್ನೊಂದು ಕಿಟಕಿಗಳ ಪರದೆ ಕೆಲಸವನ್ನು ಬೇರೆಯವರಿಗೆ ಕೊಡಬೇಡಿ ಎನ್ನಲು. ಅಷ್ಟು ಹೊತ್ತಿಗೆ ಅವನ ಮಾತಿಗೆ ಹದ ಬಂದಿತ್ತು. ತಾನು ಡಬ್ಬದ ಮೇಲೆ ಕೂತಿದ್ದನ್ನೂ, ಟೀ ಆರಿಹೋದದ್ದನ್ನೂ ಸೇರಿಸಿದ.

ಕೊನೆಗೆ ಅವಳು ತನ್ನ ಮನೆಗೇ ಫೋನು ಹಚ್ಚಿ, ಇದು ನಮ್ಮಮ್ಮ, ನಿಧಾನವಾಗಿ ಹೇಳಿ ಎಂದು ಕೊಟ್ಟು ವ್ಯಾನು ಹತ್ತಿದಳು. ಒಂದೊಂದೇ ಸ್ವಿಚ್ಚು ಒತ್ತಿ ನೋಡುತ್ತಿದ್ದಳು. ಗಾಜು ಇಳಿಯಿತು, ಏರಿತು. ವೈಪರು ಕರೆದಾಗ ಬಂದು, ಬೇಡವೆಂದಾಗ ಮಲಗಿತು. ಪಕ್ಕದ ಸೀಟಿನಲ್ಲಿ ಬಣ್ಣದವನು ಬೆಲ್ಟು ಕಟ್ಟಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಪ್ರವಾಸಕ್ಕೆ ಹೊರಟವನ ಹಾಗೆ ಕೂತಿದ್ದ. ಫೋನಿನ ಆಚೆ ಮುದುಕಿಯ ಉಸಿರು ಕೇಳುತ್ತಿತ್ತು. ಅವನು ಎಲ್ಲವನ್ನೂ ಹೇಳಿದ. ಮುದುಕಿ ಕೇಳಿಸಿಕೊಂಡಳೋ ಇಲ್ಲವೋ ಎಂದು ಅವನಿಗೆ ಅನುಮಾನವಾಯಿತು.

"ಅವಳು ಯಾಕಪ್ಪಾ ಮರೀತಾಳೆ?" ಎಂದಳು ಕೊನೆಗೆ. "ನಂದನ್ನೆಲ್ಲ ಅವಳೇ ತಾನೇ ನೆನಪಿಟ್ಟುಕೊಂಡಿರೋದು."

ಹೌದಮ್ಮ ಎಂದ ಅವನು. ಇತ್ತ ವ್ಯಾನಿನ ಹಾರನ್ನು ಒಮ್ಮೆ ಕೂಗಿ ನಿಂತಿತು.

"ಅದು ಸರಿ, ನೀವು ಯಾರು? ಯಾತಕ್ಕೆ ಫೋನು ಮಾಡಿದ್ದು?"

ಪರದೆಯಕ್ಕ ಸ್ಟೀರಿಂಗಿನ ಹಿಂದಿನಿಂದ ಅವನನ್ನೇ ನೋಡುತ್ತಿದ್ದಳು. ಇನ್ನೂ ಹೊರಡುವ ಆತುರದಲ್ಲಿ ಇರಲಿಲ್ಲ. ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡು, ಡಬ್ಬವನ್ನು ಕಾಲಿನಿಂದ ಹತ್ತಿರಕ್ಕೆ ಎಳೆದು ಅದರ ಮೇಲೆ ಕೂತ. ತಾನು ಗಾಡಿ ರಿಪೇರಿ ಮಾಡುವವನು ಎಂದ. ನಿಮ್ಮ ಮಗಳಿಗೆ ಒಂದು ತಪ್ಪು ಮಾತು ಹೇಳಿದ್ದೆ, ಅದನ್ನು ತಿಳಿಸಲಿಕ್ಕೆ ಮಾಡಿದೆ ಎಂದು, ಮತ್ತೆ ಮೊದಲಿನಿಂದ ಶುರು ಮಾಡಿದ.